ನೋಡದೆ ಒಪ್ಪಿಕೊಂಡ ಊರು

ಫೆಬ್ರುವರಿ ಬಂತೆಂದರೆ ಬೆಂಗಳೂರು, ಮೈಸೂರು, ಧಾರವಾಡದ ಎಷ್ಟೋ ಮನೆಗಳಲ್ಲಿ ಈಗ ಅಮೆರಿಕದ ವಿಶ್ವವಿದ್ಯಾಲಯಗಳ ಇಮೇಲಿಗೆ ಕಾಯುವ ಕಾಲ. ಪಿಎಚ್‌ಡಿ ಮಾಡಹೊರಟವರಿಗೆ ಪ್ರವೇಶ ಸಿಕ್ಕಿತೆಂಬ ಪತ್ರದ ಬೆನ್ನಲ್ಲೇ ಇನ್ನೊಂದು ಬರುತ್ತದೆ: ಮಾರ್ಚಿನಲ್ಲಿ ಬಂದು ನಮ್ಮ ಕ್ಯಾಂಪಸ್ ನೋಡಿ, ಅಧ್ಯಾಪಕರನ್ನು ಮಾತನಾಡಿಸಿ, ನಮ್ಮ ವಿದ್ಯಾರ್ಥಿಗಳ ಜೊತೆ ಕೂತು ಊಟ ಮಾಡಿ, ತೀರ್ಮಾನ ಆಮೇಲೆ ತೆಗೆದುಕೊಳ್ಳಿ. ಬಂಧುಬಳಗದ ಮಕ್ಕಳ ಫೋನಿನಲ್ಲಿ ಇಂಥ ಕರೆಯೋಲೆ ಕಂಡಾಗಲೆಲ್ಲ ನನ್ನ ಮನಸ್ಸು ಶಿಕಾಗೊ ಕಡೆ ಹೊರಳುತ್ತದೆ. ತೊಂಬತ್ತರ ದಶಕದಲ್ಲಿ ನಾನು ಓದಿದ ಊರು ಅದು. ಆಗ ಇಲ್ಲಿಂದ ಹೋದವರೆಲ್ಲ ಹೆಚ್ಚುಕಮ್ಮಿ ಒಂದೇ ಜಾತಿ. ಒಪ್ಪಿಗೆಯ ಕಾಗದಕ್ಕೆ ಮೊದಲು ರುಜು ಹಾಕಿ ಊರನ್ನು ಆಮೇಲೆ ನೋಡಿದವರು. ಹಾಗೆ ಕಣ್ಣುಮುಚ್ಚಿ ಹೋದದ್ದನ್ನು ನಮ್ಮ ತಲೆಮಾರು ಸಾಹಸದ ಕಥೆಯಾಗಿ ಹೇಳಿಕೊಂಡು ಬಂದಿದೆ. ಆ ಹೆಮ್ಮೆಯಲ್ಲಿ ಹೆಚ್ಚು ಹುರುಳಿಲ್ಲ ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ. ಪ್ರವೇಶ ಸಿಕ್ಕ ಮೇಲೆ, ಒಪ್ಪಿಕೊಳ್ಳುವ ಮೊದಲು ಇರುವ ಆ ಐದಾರು ವಾರಗಳು ವಿದ್ಯಾರ್ಥಿಯ ಕೈ ಮೇಲಿರುವ ಒಂದೇ ಒಂದು ಅವಧಿ. ನಮಗೆ ಅದು ಸಿಗಲಿಲ್ಲ. ಸಿಗದೇ ಹೋದದ್ದನ್ನು ಗುಣವೆಂದು ಮುಂದಿನವರಿಗೆ ದಾಟಿಸುವುದು ಸರಿಯಲ್ಲ.

ಈ ಭೇಟಿ ಹೇಗೆ ನಡೆಯುತ್ತದೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಮೆರಿಕದಲ್ಲಿ ಪಿಎಚ್‌ಡಿಗೆ ಆಯ್ಕೆ ಮಾಡುವುದು ವಿಭಾಗದ ಅಧ್ಯಾಪಕರು. ಒಬ್ಬ ಒಳ್ಳೆಯ ಅಭ್ಯರ್ಥಿಗೆ ಮೂರು ನಾಲ್ಕು ಕಡೆ ಪ್ರವೇಶ ಸಿಕ್ಕಿರುತ್ತದೆ. ಹಾಗಾಗಿ ಜನವರಿಯವರೆಗೆ ಅಭ್ಯರ್ಥಿಯನ್ನು ತೂಗಿ ನೋಡುತ್ತಿದ್ದ ವಿಭಾಗವೇ ಫೆಬ್ರುವರಿಯಿಂದ ಅವನ ಎದುರು ತನ್ನನ್ನು ತೂಕಕ್ಕೆ ಇಟ್ಟುಕೊಳ್ಳಬೇಕಾಗುತ್ತದೆ. ದೇಶದೊಳಗಿನವರಿಗೆ ಎಷ್ಟೋ ವಿಭಾಗಗಳು ವಿಮಾನದ ಟಿಕೆಟ್ಟನ್ನೂ ಕೊಡುತ್ತವೆ. ಅಲ್ಲಿನ ಸ್ನಾತಕೋತ್ತರ ಶಾಲೆಗಳ ಒಕ್ಕೂಟ ಮಾಡಿಕೊಂಡಿರುವ ಒಂದು ನಿರ್ಣಯವಿದೆ: ಧನಸಹಾಯದೊಂದಿಗೆ ಬಂದ ಪ್ರವೇಶಕ್ಕೆ ಏಪ್ರಿಲ್ 15ಕ್ಕಿಂತ ಮೊದಲೇ ಉತ್ತರ ಕೊಡಬೇಕೆಂದು ವಿದ್ಯಾರ್ಥಿಯನ್ನು ಯಾರೂ ಒತ್ತಾಯಿಸಬಾರದು. ಬಹುತೇಕ ದೊಡ್ಡ ವಿಶ್ವವಿದ್ಯಾಲಯಗಳು ಇದಕ್ಕೆ ಸಹಿ ಹಾಕಿವೆ. ಎಸ್ಸೆಸ್ಸೆಲ್ಸಿಯಿಂದ ಸಿಇಟಿಯವರೆಗೆ ರ್‍ಯಾಂಕು, ಕಟಾಫು, ಕೌನ್ಸೆಲಿಂಗು ಎಂದು ಸದಾ ಸಾಲಿನಲ್ಲಿ ನಿಂತೇ ಬೆಳೆದ ನಮ್ಮವರಿಗೆ ಈ ಅದಲುಬದಲು ಅರ್ಥವಾಗುವುದು ಕಷ್ಟ. ಸೀಟು ಸಿಕ್ಕಿದ್ದೇ ಪುಣ್ಯ, ಇನ್ನು ಸೀಟು ಕೊಟ್ಟವರನ್ನು ಪ್ರಶ್ನೆ ಕೇಳುವುದೆ? ಭಾರತದಲ್ಲಿ ಕೂತವನಿಗೆ ತೊಡಕು ಇನ್ನೂ ಒಂದಿದೆ. ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಐ-20 ಕಾಗದ ಬರುವುದು ಒಪ್ಪಿಕೊಂಡ ಮೇಲೆ. ಅದಕ್ಕೆ ಮೊದಲು ಹೋಗಿಬರಬೇಕಾದರೆ ಪ್ರವಾಸಿ ವೀಸಾ ಬೇಕು, ಅದರ ಸಂದರ್ಶನಕ್ಕೆ ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ದಿನ ಸಿಗುವಷ್ಟರಲ್ಲಿ ಏಪ್ರಿಲ್ ಕಳೆದಿರುತ್ತದೆ. ಹೀಗಾಗಿ ಆ ಊಟದ ಮೇಜಿನಲ್ಲಿ ಕೂರುವವರು ಹೆಚ್ಚಾಗಿ ಆಗಲೇ ಆ ದೇಶದಲ್ಲಿ ಇರುವವರು.

ನಮ್ಮ ಕಾಲದಲ್ಲಿ ಭೇಟಿಯ ಬದಲಿಗೆ ಇದ್ದದ್ದು ಬಣ್ಣದ ಮಾಹಿತಿ ಪುಸ್ತಿಕೆ, ಮದ್ರಾಸಿನ ಅಮೆರಿಕನ್ ಕೇಂದ್ರದ ಗ್ರಂಥಾಲಯದಲ್ಲಿ ಪುಟ ಸವೆದ ದಪ್ಪ ಗೈಡುಗಳು, ಮತ್ತು ಮೊದಲೇ ಹೋದ ಸೀನಿಯರುಗಳ ಪತ್ರ. ಪುಸ್ತಿಕೆಯ ಚಿತ್ರದಲ್ಲಿ ಸದಾ ಅಕ್ಟೋಬರ್. ಕೆಂಪು ಎಲೆಯ ಮರದ ಕೆಳಗೆ ಹುಲ್ಲಿನ ಮೇಲೆ ಪುಸ್ತಕ ಹಿಡಿದು ನಗುವವರು. ಸೀನಿಯರುಗಳ ಪತ್ರದಲ್ಲಿ ಸದಾ ಜನವರಿ. ಕೋಟು ಅಲ್ಲಿಂದ ತರಬೇಡ, ಇಲ್ಲಿಯೇ ಕೊಳ್ಳಬೇಕು. ಒಳಗೆ ಹಾಕುವ ಥರ್ಮಲ್ ಎರಡು ಜೊತೆ ಇರಲಿ. ಕಿವಿ ಮುಚ್ಚದೆ ಹೊರಗೆ ಕಾಲಿಡಬೇಡ. ಆ ಪತ್ರಗಳಲ್ಲಿ ಅಕ್ಕರೆ ಇತ್ತು, ಸುಳ್ಳು ಇರಲಿಲ್ಲ. ಆದರೆ ಮಾರ್ಗದರ್ಶಕರು ಹೇಗೆ, ನಾಲ್ಕನೆಯ ವರ್ಷದ ಹೊತ್ತಿಗೆ ಹಣ ನಿಲ್ಲುತ್ತದೆಯೇ, ಜೊತೆಗೆ ಸೇರಿದವರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ ಎಂಬ ಒಂದು ಸಾಲೂ ಅವುಗಳಲ್ಲಿ ಇರುತ್ತಿರಲಿಲ್ಲ. ಬರೆದವರಿಗೆ ಗೊತ್ತಿರಲಿಲ್ಲವೆಂದಲ್ಲ. ಏರೋಗ್ರಾಮನ್ನು ಇಲ್ಲಿ ಇಡೀ ಮನೆ ಓದುತ್ತಿತ್ತು. ಅದರಲ್ಲಿ ಬರೆಯಬಹುದಾದ ಕಷ್ಟ ಚಳಿಯೊಂದೇ. ಹೀಗೆ ಮನೆಮಂದಿಯೆಲ್ಲ ಸೇರಿ ಚಳಿಗೆ ತಯಾರಿ ನಡೆಸಿ, ಮಿಕ್ಕ ಯಾವುದಕ್ಕೂ ತಯಾರಿ ಇಲ್ಲದೆ ಮಕ್ಕಳನ್ನು ವಿಮಾನ ಹತ್ತಿಸುತ್ತಿದ್ದರು.

ಚಳಿ ಸಣ್ಣ ವಿಷಯ ಎಂದು ನಾನು ಹೇಳುತ್ತಿಲ್ಲ. 1985ರ ಜನವರಿ 20ರಂದು ಶಿಕಾಗೊದಲ್ಲಿ ತಾಪಮಾನ ಸೊನ್ನೆಗಿಂತ ಸುಮಾರು 33 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ಆ ಊರಿನ ದಾಖಲೆ ಅದು. 2019ರ ಜನವರಿ ಕೊನೆಯಲ್ಲಿ ಅದರ ಹತ್ತಿರಕ್ಕೇ ಹೋಗಿ ಬಂತು. ಮಿಷಿಗನ್ ಸರೋವರದ ಕಡೆಯಿಂದ ಗಾಳಿ ಬೀಸಿದ ದಿನ ಥರ್ಮಾಮೀಟರಿನ ಅಂಕಿಗೂ ಚರ್ಮಕ್ಕೂ ಸಂಬಂಧವೇ ಇರುವುದಿಲ್ಲ. ಆದರೆ ಚಳಿ ಅಲ್ಲಿ ಒಬ್ಬೊಬ್ಬರ ಖಾಸಗಿ ಸಂಕಟವಲ್ಲ, ಊರಿಗೆ ಊರೇ ಹೊತ್ತುಕೊಂಡ ಜವಾಬ್ದಾರಿ. ಶಿಕಾಗೊ ನಗರದ ಕಾನೂನಿನ ಪ್ರಕಾರ ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಬಾಡಿಗೆ ಮನೆಯ ಒಳಗೆ ಹಗಲು 20 ಡಿಗ್ರಿ, ರಾತ್ರಿ ಸುಮಾರು 19 ಡಿಗ್ರಿ ಇರುವಂತೆ ನೋಡಿಕೊಳ್ಳುವುದು ಮಾಲೀಕನ ಹೊಣೆ. ಮೇಲುರೈಲಿನ ನಿಲ್ದಾಣಗಳಲ್ಲಿ ಗುಂಡಿ ಒತ್ತಿದರೆ ತಲೆಯ ಮೇಲೆ ಕಾವಿನ ದೀಪ ಹತ್ತಿಕೊಳ್ಳುತ್ತದೆ, ಅದರ ಕೆಳಗೆ ಗುರುತಿಲ್ಲದವರು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಮಿನಿಯಾಪೊಲಿಸ್ ಇನ್ನೂ ಮುಂದೆ ಹೋಗಿದೆ. ಅಲ್ಲಿನ ಪೇಟೆಯ ಕಟ್ಟಡಗಳನ್ನು ಗಾಜಿನ ಮೇಲುಸೇತುವೆಗಳು ಬೆಸೆದಿವೆ. ವಿಶ್ವವಿದ್ಯಾಲಯದ ಎಷ್ಟೋ ಕಟ್ಟಡಗಳ ನಡುವೆ ಸುರಂಗದ ಹಾದಿಯಿದೆ, ಮಿಸಿಸಿಪ್ಪಿ ನದಿಯ ಮೇಲಿನ ಸೇತುವೆಯಲ್ಲಿ ನಡೆಯುವವರಿಗೆಂದೇ ಮುಚ್ಚಿದ ಓಣಿಯಿದೆ. ಇಷ್ಟು ಸಾಲದು ಎಂಬಂತೆ ಶಿಕಾಗೊ ವಿಶ್ವವಿದ್ಯಾಲಯವಿರುವ ಹೈಡ್ ಪಾರ್ಕಿನಲ್ಲಿ ದಕ್ಷಿಣ ಅಮೆರಿಕದ ಹಸಿರು ಗಿಳಿಗಳು ಎಪ್ಪತ್ತರ ದಶಕದಿಂದ ಗೂಡು ಕಟ್ಟಿಕೊಂಡು, ಹಿಮದ ನಡುವೆ ಸಂಸಾರ ಮಾಡುತ್ತಿವೆ. ಆ ಊರಿನ ಮೇಯರಾಗಿದ್ದ ಹೆರಾಲ್ಡ್ ವಾಷಿಂಗ್ಟನ್ ತಮ್ಮ ಮನೆಯೆದುರಿನ ಆ ಗಿಳಿಗಳನ್ನು ಶುಭಶಕುನವೆಂದು ನಂಬಿದ್ದರಂತೆ. ಗಿಳಿಗೇ ಒಗ್ಗಿದ ಚಳಿ ಮನುಷ್ಯನಿಗೆ ಒಗ್ಗದೆ ಇರುತ್ತದೆಯೆ? ಎರಡನೆಯ ಚಳಿಗಾಲಕ್ಕೆ ಯಾರಿಗೂ ಕೋಟಿನ ಯೋಚನೆ ಉಳಿಯುವುದಿಲ್ಲ.

ಒಗ್ಗದೆ ಉಳಿಯುವುದು ಬೇರೆ. ಡಿಸೆಂಬರಿನ ಕೊನೆಯಲ್ಲಿ ಶಿಕಾಗೊದ ಹಗಲು ಒಂಬತ್ತು ಗಂಟೆಗಿಂತ ಸ್ವಲ್ಪವೇ ಹೆಚ್ಚು. ನಾಲ್ಕೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ. ಬೆಂಗಳೂರಿನ ಅತಿ ಚಿಕ್ಕ ಹಗಲು ಕೂಡ ಹನ್ನೊಂದು ಗಂಟೆ ದಾಟುತ್ತದೆ. ಈ ಬೇಗ ಕವಿಯುವ ಕತ್ತಲೆ ಒಂಟಿತನವನ್ನು ದುಪ್ಪಟ್ಟು ಮಾಡುತ್ತದೆ. ಒಂಟಿತನಕ್ಕೆ ಯಾವ ನಗರಸಭೆಯ ಕಾನೂನೂ ಇಲ್ಲ. ಇದಕ್ಕೆ ಸಾಕ್ಷಿ ಬೇಕಾದರೆ ಶಿಕಾಗೊದ ಚಳಿಗಾಲಕ್ಕಿಂತ ಅದರ ಒಂದು ಬೇಸಿಗೆಯನ್ನು ನೋಡಬೇಕು. 1995ರ ಜುಲೈಯಲ್ಲಿ ಕೆಲವೇ ದಿನ ಬಡಿದ ಬಿಸಿಗಾಳಿಗೆ ಆ ಊರಿನಲ್ಲಿ 700ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳ ಮಂದಿ ಬಾಗಿಲು ಕಿಟಕಿ ಭದ್ರಮಾಡಿಕೊಂಡು ಒಬ್ಬೊಬ್ಬರೇ ಬದುಕುತ್ತಿದ್ದ ವೃದ್ಧರು. ಶಿಕಾಗೊದಲ್ಲಿಯೇ ಬೆಳೆದ ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನನ್‌ಬರ್ಗ್ ಅದರ ಮೇಲೆ ಒಂದು ಇಡೀ ಪುಸ್ತಕ ಬರೆದು, ಸಾವಿಗೆ ತಾಪಮಾನದಷ್ಟೇ ನೆರೆಹೊರೆಯ ಪಾಡೂ ಕಾರಣವೆಂದು ತೋರಿಸಿದರು. ಚಳಿಯ ಊರೆಂದು ಹೆಸರಾದ ಕಡೆ ಜನರನ್ನು ಕೊಂದದ್ದು ಶಾಖ, ಮತ್ತು ಬಾಗಿಲು ತಟ್ಟುವವರು ಇಲ್ಲದೆ ಹೋದದ್ದು. ಇಪ್ಪತ್ತೆರಡು ವರ್ಷದ ವಿದ್ಯಾರ್ಥಿಗೂ ಆ ವೃದ್ಧರಿಗೂ ಹೋಲಿಕೆ ಎಳೆಯುವುದು ಅತಿಯಾದೀತು, ಒಪ್ಪುತ್ತೇನೆ. ಆದರೂ ಹೊಸ ಊರಿನಲ್ಲಿ ನಮ್ಮ ಬಾಗಿಲು ತಟ್ಟುವವರು ಯಾರಿದ್ದಾರೆ ಎಂಬುದು ಮೊದಲೇ ತಿಳಿಯಬೇಕಾದ ಸಂಗತಿ. ಅದು ಹವಾಮಾನದ ಪಟ್ಟಿಯಲ್ಲಿ ಸಿಗದು, ವಿಭಾಗದ ಕಾರಿಡಾರಿನಲ್ಲಿ ಸಿಗುತ್ತದೆ.

ಆದರೆ ಭೇಟಿಗೆ ಹೋದವರ ಕಣ್ಣು ಕಾರಿಡಾರಿಗಿಂತ ಮೊದಲು ಕಲ್ಲಿನ ಮೇಲೆ ಬೀಳುತ್ತದೆ, ಅದೂ ಶಿಕಾಗೊ ವಿಶ್ವವಿದ್ಯಾಲಯದಂಥ ಕಡೆ. ಬೂದುಬಣ್ಣದ ಸುಣ್ಣಕಲ್ಲಿನ ಗೋಪುರಗಳು, ಕಮಾನುಗಳು, ದ್ವಾರದ ಮೇಲೆ ಹತ್ತಿ ಕೂತ ವಿಕಾರ ಪ್ರಾಣಿಗಳು; ನೋಡಿದವರು ಐನೂರು ವರ್ಷ ಹಳೆಯದೆಂದು ಭಾವಿಸಬೇಕು. ವಾಸ್ತವದಲ್ಲಿ ಅಲ್ಲಿ ಪಾಠ ಶುರುವಾದದ್ದು 1892ರಲ್ಲಿ, ಎಣ್ಣೆ ವ್ಯಾಪಾರಿ ರಾಕ್‌ಫೆಲ್ಲರ್ ಕೊಟ್ಟ ಹಣದಲ್ಲಿ; ನಮ್ಮ ಸೆಂಟ್ರಲ್ ಕಾಲೇಜು ಅದಕ್ಕಿಂತ ಹಿರಿಯದು. ಆಕ್ಸ್‌ಫರ್ಡಿನ ವೇಷ ತೊಟ್ಟು ಹುಟ್ಟಿದ ವಿಶ್ವವಿದ್ಯಾಲಯ ಅದು. ಅಲ್ಲಿ ನಿಜವಾಗಿ ನಡೆದ ದೊಡ್ಡ ಸಂಗತಿಗಳು ಹೆಚ್ಚಾಗಿ ಆ ಗೋಪುರಗಳ ಕೆಳಗಲ್ಲ. 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ಮತ್ತು ಅವರ ಬಳಗ ಪರಮಾಣುವಿನ ಸರಪಣಿ ಕ್ರಿಯೆಯನ್ನು ಮೊದಲ ಬಾರಿಗೆ ಸಾಧಿಸಿದ್ದು ಪಾಳುಬಿದ್ದ ಫುಟ್‌ಬಾಲ್ ಮೈದಾನದ ಗ್ಯಾಲರಿಯ ಅಡಿಯಲ್ಲಿ. ಆ ಮೈದಾನವಿದ್ದ ಜಾಗದಲ್ಲಿ 1970ರಿಂದ ನಿಂತಿರುವುದು ರೆಗೆನ್‌ಸ್ಟೈನ್ ಗ್ರಂಥಾಲಯ, ಕಾಂಕ್ರೀಟು ಮತ್ತು ಕಲ್ಲಿನ ದೊಡ್ಡ ಪೆಟ್ಟಿಗೆ. ನಮ್ಮ ಕಾಲಕ್ಕೆ ಚಳಿಗಾಲವೆಂದರೆ ಅದರ ಒಳಗಿನ ಕಪಾಟುಗಳ ಸಂದು, ಇಲ್ಲವೆ ಒಂದು ಸೆಮಿನರಿಯ ನೆಲಮಾಳಿಗೆಯಲ್ಲಿ ಪೈಪುಗಳ ಕೆಳಗೆ ತಲೆ ತಗ್ಗಿಸಿ ನಡೆಯಬೇಕಾಗಿದ್ದ ಪುಸ್ತಕದ ಅಂಗಡಿ. ಆ ಅಂಗಡಿ 2012ರಲ್ಲಿ ಮೇಲೆ ಬೆಳಕಿಗೆ ಬಂತು. ಗ್ರಂಥಾಲಯದ ಪಕ್ಕ 2011ರಿಂದ ಒಂದು ಗಾಜಿನ ಗುಮ್ಮಟ ಕೂತಿದೆ. ಅದರಡಿ ನೆಲದಾಳದಲ್ಲಿ ಯಂತ್ರದ ಕೈಗಳು ಪುಸ್ತಕ ತೆಗೆದುಕೊಡುತ್ತವೆ. ಇವನ್ನೆಲ್ಲ ನೋಡಿ ಖುಷಿಪಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಐದಾರು ವರ್ಷ ಅಲ್ಲಿ ಕಳೆದವರ ನೆನಪಿನಲ್ಲಿ ಉಳಿಯುವುದು ಗೋಪುರವಲ್ಲ. ಕರಡು ಪ್ರತಿಯನ್ನು ಓದಿ ವಾರದೊಳಗೆ ಹಿಂತಿರುಗಿಸಿದ ಗುರು, ಅಥವಾ ಹಿಂತಿರುಗಿಸದ ಗುರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಕವಿ ಎ.ಕೆ. ರಾಮಾನುಜನ್ ಹೋಗಲಿಲ್ಲವೆ? ಖಗೋಳ ವಿಜ್ಞಾನಿ ಎಸ್. ಚಂದ್ರಶೇಖರ್ ಹೋಗಲಿಲ್ಲವೆ? ಅವರೇನು ಕ್ಯಾಂಪಸ್ ನೋಡಿಕೊಂಡು ಬಂದು ಆಮೇಲೆ ಹೂಂ ಅಂದರೆ? ಹಿಂದಿನವರು ಮುಖ ನೋಡದೆ ಮದುವೆಯಾಗಿ ಸುಖವಾಗಿರಲಿಲ್ಲವೆ ಎನ್ನುವ ಮಾತಿನ ಧಾಟಿಯೇ ಇದರಲ್ಲೂ ಇದೆ. ಚರಿತ್ರೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಈ ಎರಡು ಉದಾಹರಣೆಗಳೂ ಆಕ್ಷೇಪಕ್ಕೆ ಒದಗಿಬರುವುದಿಲ್ಲ. ಚಂದ್ರಶೇಖರ್ 1936ರ ಜನವರಿಯಿಂದ ಮಾರ್ಚ್‌ವರೆಗಿನ ಚಳಿಗಾಲವನ್ನು ಹಾರ್ವರ್ಡಿನಲ್ಲಿ ಅತಿಥಿಯಾಗಿ ಕಳೆದವರು. ಶಿಕಾಗೊದ ಕರೆ ಬಂದದ್ದು ಆ ದಿನಗಳಲ್ಲಿ, ಸೇರಿದ್ದು 1937ರ ಜನವರಿಯಲ್ಲಿ. ಅಷ್ಟರಲ್ಲಿ ಅವರಿಗೆ ಕೇಂಬ್ರಿಜಿನ ಆರೇಳು ವರ್ಷಗಳ ಅನುಭವವಿತ್ತು, ಅಮೆರಿಕದ ಖಗೋಳ ವಿಜ್ಞಾನಿಗಳ ಪರಿಚಯವಿತ್ತು. ಅಂದರೆ ನಾವು ಇವತ್ತು ಮಾತಾಡುತ್ತಿರುವ ಚಳಿಗಾಲದ ಭೇಟಿಯನ್ನು ಅವರು ಮೂರು ತಿಂಗಳ ಮಟ್ಟಿಗೆ ಮಾಡಿಯೇ ಒಪ್ಪಿದ್ದು. ರಾಮಾನುಜನ್ 1959ರಲ್ಲಿ ಇಂಡಿಯಾನಾಕ್ಕೆ ಹೊರಟಾಗ ಮೂವತ್ತರ ವಯಸ್ಸು. ಬೆಳಗಾವಿ, ಬರೋಡಗಳಲ್ಲಿ ಪಾಠ ಹೇಳಿ ಬಂದವರು. ಶಿಕಾಗೊಗೆ ಅವರು ಸೇರಿದ್ದು ಅಮೆರಿಕದಲ್ಲಿ ಕೆಲವು ವರ್ಷ ಇದ್ದ ಬಳಿಕ, ಅದೂ ಅಧ್ಯಾಪಕರಾಗಿ. ಅಲ್ಲಿದ್ದುಕೊಂಡೇ ಅವರು ವಚನಗಳನ್ನು ಇಂಗ್ಲಿಷಿಗೆ ತಂದರು, ‘ಹೊಕ್ಕುಳಲ್ಲಿ ಹೂವಿಲ್ಲ’ದಂಥ ಕನ್ನಡ ಸಂಗ್ರಹ ಕೊಟ್ಟರು. ಇದನ್ನು ನೋಡಿ ಯಾವ ಚಳಿಯ ಊರಾದರೂ ಪ್ರತಿಭೆಯನ್ನು ಅರಳಿಸುತ್ತದೆ ಎಂದು ತೀರ್ಮಾನಿಸುವುದು ಅವಸರ. ಅವರಿಗೆ ಅಲ್ಲಿ ಕೆಲಸದ ಭದ್ರತೆ ಇತ್ತು, ಸಾಟಿಯಿಲ್ಲದ ಸಹೋದ್ಯೋಗಿಗಳಿದ್ದರು. ಇಪ್ಪತ್ತೆರಡರ ಹುಡುಗನಿಗೆ ಇವೆರಡೂ ಇರುವುದಿಲ್ಲ.

ಇನ್ನೊಂದು ಮಾತು. ನಮ್ಮ ಪ್ರವಾಸ ಸಾಹಿತ್ಯ, ನೆನಪಿನ ಸಾಹಿತ್ಯ ಎರಡೂ ಗೆದ್ದವರು ಬರೆದದ್ದು. ಹಾರ್ವರ್ಡಿನ ದಿನಗಳನ್ನು ಬಿ.ಜಿ.ಎಲ್. ಸ್ವಾಮಿ ನಗುನಗುತ್ತ ಹೇಳಿದ್ದಾರೆ. ಮೂರನೆಯ ವರ್ಷಕ್ಕೆ ಕೈಬಿಟ್ಟು ಬಂದವರು ‘ಅಮೆರಿಕದಲ್ಲಿ ನಾನು’ ಎಂದು ಪುಸ್ತಕ ಬರೆಯುವುದಿಲ್ಲ. ಅಂಥವರು ಕಡಿಮೆಯೇನಲ್ಲ. ಸ್ನಾತಕೋತ್ತರ ಶಾಲೆಗಳ ಅದೇ ಒಕ್ಕೂಟ ನಡೆಸಿದ ಅಧ್ಯಯನದಲ್ಲಿ, ಪಿಎಚ್‌ಡಿ ಸೇರಿದವರಲ್ಲಿ ಹತ್ತು ವರ್ಷದೊಳಗೆ ಮುಗಿಸಿದವರು ನೂರಕ್ಕೆ ಸುಮಾರು 57 ಮಾತ್ರ. ಇದೇ ಅಧ್ಯಯನದ ಇನ್ನೊಂದು ಅಂಕಿ ನನ್ನ ವಾದಕ್ಕೆ ಅಡ್ಡವಾಗಿದೆ, ಅದನ್ನು ಮುಚ್ಚಿಡಲಾರೆ: ಹೊರದೇಶದಿಂದ ಬಂದವರಲ್ಲಿ ಮುಗಿಸುವವರ ಪ್ರಮಾಣ ಅಮೆರಿಕದವರಿಗಿಂತ ಹೆಚ್ಚು, 67ಕ್ಕೆ 54. ನೋಡಿಕೊಂಡು ಸೇರಿದವರಿಗಿಂತ ನೋಡದೆ ಸೇರಿದವರೇ ಹೆಚ್ಚು ಮುಗಿಸುತ್ತಾರೆಂದ ಮೇಲೆ ಭೇಟಿಯಿಂದ ಏನು ಬಂತು ಎಂದು ಕೇಳಬಹುದು. ಉತ್ತರ ವೀಸಾದಲ್ಲಿದೆ. ವಿದ್ಯಾರ್ಥಿ ವೀಸಾದಲ್ಲಿ ಇರುವವನು ಓದು ಬಿಟ್ಟರೆ ದೇಶವನ್ನೂ ಬಿಡಬೇಕು. ಅಲ್ಲಿಯವನಾದರೆ ಬಿಟ್ಟು ಬೇರೆ ಕೆಲಸ ಹಿಡಿಯುತ್ತಾನೆ. ಮುಗಿಸಿದವರೆಲ್ಲ ಸರಿಯಾದ ಕಡೆ ಇದ್ದವರೆಂದು ಆ ಅಂಕಿ ಹೇಳುವುದಿಲ್ಲ. ಬಿಡುವ ದಾರಿ ಇಲ್ಲದವರು ಮುಗಿಸಿದರು ಎಂದಷ್ಟೇ ಹೇಳಿದರೂ ಹೇಳೀತು. ಹಿಂದಿರುಗುವ ಬಾಗಿಲು ಕಿರಿದಾಗಿರುವವನೇ ಒಳಹೋಗುವ ಬಾಗಿಲಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕು. ನಡೆದಿರುವುದು ಇದರ ತಿರುಗು ಮುರುಗು.

ಈಗ ಎಲ್ಲವೂ ಪರದೆಯ ಮೇಲೆ ಇದೆಯಲ್ಲ ಎನ್ನುವುದು ಮೂರನೆಯ ಆಕ್ಷೇಪ. 2020ರ ಕೋವಿಡ್ ನಂತರ ವಿಭಾಗಗಳು ಝೂಮಿನಲ್ಲಿಯೂ ಭೇಟಿ ಏರ್ಪಡಿಸುತ್ತಿವೆ. ಹಿಮದಲ್ಲಿ ಹಾಸ್ಟೆಲಿನಿಂದ ಲ್ಯಾಬಿಗೆ ನಡೆಯುವ ವಿಡಿಯೋ ಹಾಕುವವರು ಬೇಕಾದಷ್ಟು. ನಮಗಿದ್ದ ಪುಸ್ತಿಕೆಗಿಂತ ಇದು ನೂರು ಪಾಲು ಮೇಲು. ಆದರೆ ಖುದ್ದು ಹೋದವರಿಗೆ ಸಿಗುವ ಬಹುಮುಖ್ಯ ಮಾಹಿತಿ ಸಿಗುವುದು ಕಾರ್ಯಕ್ರಮ ಪಟ್ಟಿಯ ಹೊರಗೆ. ರಾತ್ರಿ ಊಟ ಮುಗಿಸಿ ಹಿಂತಿರುಗುವ ದಾರಿಯಲ್ಲಿ, ಅಧ್ಯಾಪಕರು ಯಾರೂ ಇಲ್ಲದಾಗ, ನಾಲ್ಕನೆಯ ವರ್ಷದವರು ದನಿ ತಗ್ಗಿಸಿ ಹೇಳುವ ಎರಡು ಮಾತು. ಇಪ್ಪತ್ತು ಮುಖಗಳ ಚೌಕಗಳಿರುವ ಪರದೆಯಲ್ಲಿ ಯಾರೂ ದನಿ ತಗ್ಗಿಸುವುದಿಲ್ಲ. ಹಾಗಾದರೆ ಹೋಗಲಾರದವರ ಪಾಡೇನು? ಅವರು ಆ ಎರಡು ಮಾತನ್ನು ಬೇರೆ ದಾರಿಯಿಂದ ಪಡೆಯಬೇಕು. ವಿಭಾಗದ ಪುಟದಲ್ಲಿ ಹೆಸರಿರುವ ಹಿರಿಯ ವಿದ್ಯಾರ್ಥಿಗಳಿಗೆ ನೇರವಾಗಿ ಬರೆದು, ಒಬ್ಬರ ಜೊತೆ ಒಬ್ಬರಾಗಿ ಅರ್ಧ ಗಂಟೆ ಮಾತನಾಡಬಹುದು. ಕೇಳಿದರೆ ಬಹಳ ಮಂದಿ ಒಪ್ಪುತ್ತಾರೆ. ಹಿಮ ಎಷ್ಟು ಬೀಳುತ್ತದೆ ಎಂದು ಕೇಳಿ ಆ ಅರ್ಧ ಗಂಟೆಯನ್ನು ಹಾಳುಮಾಡಬಾರದು. ಜೂನ್‌ನಿಂದ ಆಗಸ್ಟ್‌ವರೆಗೆ ಸ್ಟೈಪೆಂಡ್ ಬರುತ್ತದೆಯೆ, ಬಾಡಿಗೆ ಕಳೆದು ಕೈಯಲ್ಲಿ ಎಷ್ಟು ಉಳಿಯುತ್ತದೆ, ಮಾರ್ಗದರ್ಶಕರನ್ನು ಬದಲಾಯಿಸಿದವರು ಇದ್ದಾರೆಯೆ, ಅವರಿಗೆ ಏನಾಯಿತು. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು 2023ರಲ್ಲಿ ಮತ ಹಾಕಿ ಯೂನಿಯನ್ ಕಟ್ಟಿಕೊಂಡರು. ಸಂಬಳ, ಆರೋಗ್ಯ ವಿಮೆಯ ಮಾತನ್ನು ವಿದ್ಯಾರ್ಥಿ ಆಡುವುದೇ ಅಸಭ್ಯ ಎಂಬಂತಿದ್ದ ನಮ್ಮ ಕಾಲಕ್ಕೂ ಇದಕ್ಕೂ ಇರುವ ದೂರ ದೊಡ್ಡದು.

ಇಷ್ಟು ಹೊತ್ತು ಹೇಳಿದ್ದೆಲ್ಲ ಪಿಎಚ್‌ಡಿಯ ಅಲ್ಪಸಂಖ್ಯಾತರ ಕಥೆ. 2023–24ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯರು 3,31,000ಕ್ಕೂ ಹೆಚ್ಚು. ಅವರಲ್ಲಿ ದೊಡ್ಡ ಪಾಲು ಸ್ವಂತ ದುಡ್ಡಿನಲ್ಲಿ, ಅಂದರೆ ಅಪ್ಪನ ಸೈಟು ಅಡವಿಟ್ಟ ಬ್ಯಾಂಕ್ ಸಾಲದಲ್ಲಿ, ಎಂ.ಎಸ್. ಮಾಡಲು ಹೋದವರು. ಅವರಿಗೆ ಟಿಕೆಟ್ ಕಳಿಸಿ ಊಟಕ್ಕೆ ಕರೆಯುವವರಿಲ್ಲ, ಕಮಿಷನ್ನಿಗೆ ದುಡಿಯುವ ಏಜೆಂಟರು ಮಾತ್ರ ಇದ್ದಾರೆ. ಹಣ ಕೊಡುವವನಿಗೆ ಪ್ರಶ್ನೆ ಕೇಳುವ ಹಕ್ಕು ಹೆಚ್ಚಿರಬೇಕಿತ್ತು, ಲೋಕರೂಢಿ ಹಾಗಿಲ್ಲ. ಈ ಕೊರತೆಯನ್ನು ಸ್ವಲ್ಪವಾದರೂ ತುಂಬಬಲ್ಲವರು ಅಲ್ಲಿಯೇ ನೆಲೆಸಿದ ನಮ್ಮವರು. ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟದಂಥ ಸಂಘಗಳು ಯುಗಾದಿ, ರಾಜ್ಯೋತ್ಸವಗಳನ್ನು ಹಿಮದ ನಾಡಿನಲ್ಲಿಯೂ ಬಿಡದೆ ನಡೆಸಿಕೊಂಡು ಬಂದಿವೆ. ಅಂಥ ಕೂಟಗಳ ಮಂದಿ ಮಾರ್ಚ್ ತಿಂಗಳಿನಲ್ಲಿ, ಬರಲಿರುವ ಮಕ್ಕಳ ಪರವಾಗಿ ವಿಭಾಗದವರೆಗೆ ಹೋಗಿ ಬರಬಹುದು. ಬಾಡಿಗೆ ಮನೆಯ ಬೀದಿಯನ್ನು ಸಂಜೆ ಐದರ ಮೇಲೆ ಒಮ್ಮೆ ನಡೆದು ನೋಡಬಹುದು. ಇಲ್ಲಿನ ತಂದೆತಾಯಿಗೆ ಫೋನಿನಲ್ಲಿ ಕೋಟಿನ ಬ್ರ್ಯಾಂಡ್ ಹೇಳುವ ಬದಲು, ಹೋದ ವರ್ಷ ಅದೇ ಕೋರ್ಸು ಮುಗಿಸಿದವರಲ್ಲಿ ಕೆಲಸ ಸಿಗದೆ ಕೂತವರು ಎಷ್ಟು ಎಂದು ವಿಚಾರಿಸಿ ಹೇಳಬಹುದು. ಉತ್ತರ ಅಪ್ರಿಯವಾಗಿದ್ದರೂ ಹೇಳಬೇಕು. ವಿಭಾಗದವರು ಇಂಥ ಪ್ರಶ್ನೆಗೆ ಬೇಸರಪಡುತ್ತಾರೆಂಬ ಅಳುಕು ಬೇಡ; ಖಾಲಿ ಉಳಿಯಬಹುದಾದ ಜಾಗದ ಚಿಂತೆ ಆ ತಿಂಗಳಿನಲ್ಲಿ ಅವರಿಗೂ ಇರುತ್ತದೆ. ಏಪ್ರಿಲ್ 15 ದಾಟಿ ಸಹಿ ಬಿದ್ದ ಮೇಲೆ ಇದೇ ಪ್ರಶ್ನೆ ಕಳಿಸಿದರೆ ಅದು ಕಚೇರಿಯ ಇನ್‌ಬಾಕ್ಸಿನಲ್ಲಿ ತನ್ನ ಸರದಿಗಾಗಿ ಕಾಯಬೇಕು.